ಕೃಷ್ಣಾತೀರದ ಮೇಣವಲಿ: ತೆರೆಯ ಮೇಲೊಂದು ಹೆಸರು, ನೆಲದ ಮೇಲೊಂದು ಊರು

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ವಾಯಿ ಪಟ್ಟಣದಿಂದ ಸುಮಾರು 3 ಕಿ.ಮೀ. ದೂರದಲ್ಲಿ, ಕೃಷ್ಣಾ ನದಿಯ ದಡದ ಮೇಲಿರುವ ಕೃಷಿಗ್ರಾಮ ಮೇಣವಲಿ. ಆಶುತೋಷ್ ಗೋವಾರಿಕರ್ ನಿರ್ದೇಶಿಸಿ 2004ರಲ್ಲಿ ತೆರೆಕಂಡ ‘ಸ್ವದೇಸ್’ ಹಿಂದಿ ಚಿತ್ರವನ್ನು ನೋಡಿದ ಓದುಗರೆಲ್ಲರೂ ಈ ಊರನ್ನು ಕಂಡವರೇ. ಆದರೆ ಉತ್ತರ ಪ್ರದೇಶದ ‘ಚರಣಪುರ’ವೆಂಬ ಕಲ್ಪಿತ ನಾಮಧೇಯದಲ್ಲಿ. ಅದರ ನಿಜನಾಮ ಮತ್ತು ಚರಿತ್ರೆಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಪೇಶ್ವೆಯರ ಆಡಳಿತದ ಪ್ರಮುಖ ಮುತ್ಸದ್ದಿ ನಾನಾ ಫಡ್ನವೀಸ್ (1742-1800) ಅವರಿಗೆ ಇನಾಮಾಗಿ ಬಂದ ಗ್ರಾಮವಿದು. ಇಲ್ಲಿ ಅವರು ಆರು ಚೌಕಗಳ ವಿಶಾಲ ವಾಡೆಯನ್ನೂ, ಅದರ ಹಿಂಬದಿಯಲ್ಲಿ ನದಿಗಿಳಿಯುವ ಕಲ್ಲಿನ ಸೋಪಾನಗಳನ್ನೂ, ಮೇಣೇಶ್ವರ ಮತ್ತು ವಿಷ್ಣು ದೇವಾಲಯಗಳನ್ನೂ ಕಟ್ಟಿಸಿದರು. ವಾಡೆಯ ಮರಗೆಲಸವೂ ಭಿತ್ತಿಚಿತ್ರಗಳೂ ಇಂದಿಗೂ ನೋಡತಕ್ಕವು. ‘ಮೇಣವಲಿ ದಫ್ತರ’ವೆಂದು ಪ್ರಸಿದ್ಧವಾದ ನಾನಾ ಅವರ ಕಾಗದಪತ್ರಗಳು ಮರಾಠಾ ಇತಿಹಾಸದ ಅಮೂಲ್ಯ ಆಕರಗಳಾಗಿವೆ.

ಕನ್ನಡಿಗರಿಗೂ ನಾನಾ ಅಪರಿಚಿತರಲ್ಲ. 1787ರಲ್ಲಿ ಟಿಪ್ಪು ಸುಲ್ತಾನನೊಡನೆ ಗಜೇಂದ್ರಗಡದ ಒಪ್ಪಂದ ಏರ್ಪಟ್ಟಾಗಲೂ, 1790ರಲ್ಲಿ ಮರಾಠರು ಟಿಪ್ಪುವಿನ ವಿರುದ್ಧ ಇಂಗ್ಲಿಷರೊಡನೆ ಕೈಜೋಡಿಸಿದಾಗಲೂ ಪುಣೆಯ ರಾಜಕಾರಣದ ಸೂತ್ರಗಳು ಅವರ ಕೈಯಲ್ಲಿದ್ದವು.

ಘಾಟಿನ ಬಳಿಯ ಚಿಕ್ಕ ಮಂಟಪದಲ್ಲಿ ತೂಗುಹಾಕಿರುವ ದೊಡ್ಡ ಗಂಟೆಯೊಂದು ಸಂದರ್ಶಕರನ್ನು ಅಚ್ಚರಿಗೊಳಿಸುತ್ತದೆ. ಅದರ ಮೇಲೆ ಬಾಲಯೇಸುವನ್ನೆತ್ತಿಕೊಂಡ ಮೇರಿಮಾತೆಯ ಉಬ್ಬುಚಿತ್ರವಿದೆ. 1739ರಲ್ಲಿ ಚಿಮಾಜಿ ಅಪ್ಪಾ ಅವರು ಪೋರ್ಚುಗೀಸರಿಂದ ವಸಈ ಕೋಟೆಯನ್ನು ಗೆದ್ದಾಗ ಅಲ್ಲಿನ ಇಗರ್ಜಿಗಳ ಗಂಟೆಗಳು ಮಹಾರಾಷ್ಟ್ರದ ಹಲವು ದೇವಾಲಯಗಳನ್ನು ಸೇರಿದವು, ಇದು ಅವುಗಳಲ್ಲೊಂದು.

ಹಳೆಯ ವಾಡೆ, ನದಿಯ ಮೆಟ್ಟಿಲುಗಳು, ಸುತ್ತಲಿನ ಹೊಲಗದ್ದೆ, ಹಿನ್ನೆಲೆಯಲ್ಲಿ ಸಹ್ಯಾದ್ರಿಯ ಸಾಲು: ಇವೆಲ್ಲವೂ ಮುಂಬಯಿಯಿಂದ ಒಂದೇ ದಿನದಲ್ಲಿ ತಲುಪಬಹುದಾದ ದೂರದಲ್ಲಿ ದೊರೆಯುವುದರಿಂದ ಚಿತ್ರನಿರ್ಮಾಪಕರು ಈ ಪ್ರದೇಶವನ್ನು ಮೆಚ್ಚಿದ್ದು ಸಹಜ. ಪ್ರಕಾಶ್ ಝಾ ಅವರ ‘ಗಂಗಾಜಲ್’ (2003) ಚಿತ್ರದಲ್ಲಿ ವಾಯಿ ಪರಿಸರವು ಬಿಹಾರದ ತೇಜಪುರವಾಯಿತು. ‘ದಬಂಗ್’ (2010) ಚಿತ್ರದಲ್ಲಿ ಉತ್ತರ ಪ್ರದೇಶದ ಲಾಲ್‌ಗಂಜ್ ಆಯಿತು. ಹೀಗೆ ಕೃಷ್ಣೆಯ ದಡವು ಮತ್ತೆ ಮತ್ತೆ ಗಂಗಾ ಬಯಲಿನ ವೇಷ ತೊಟ್ಟಿದೆ. ಚಿತ್ರಗಳಿಂದ ಊರಿಗೆ ಪ್ರಚಾರವೂ ಪ್ರವಾಸಿಗರೂ ದೊರೆತದ್ದು ನಿಜ. ಆದರೆ ಊರಿನ ಹೆಸರಾಗಲಿ, ಅದರ ಮರಾಠಿ ನುಡಿಯಾಗಲಿ ಆ ಕಥೆಗಳಲ್ಲಿ ಸ್ಥಾನ ಪಡೆಯಲಿಲ್ಲ ಎಂಬುದನ್ನೂ ನಾವು ಗಮನಿಸಬೇಕು. ಪರಸ್ಥಳದಲ್ಲಿದ್ದು ನಮ್ಮ ನುಡಿಯನ್ನೂ ಊರಿನ ಹೆಸರನ್ನೂ ಜತನದಿಂದ ಕಾಪಾಡಿಕೊಂಡು ಬಂದಿರುವ ನಮಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರತಂಡಗಳು ಕೆಲವು ವಾರ ತಂಗಿ ತೆರಳುತ್ತವೆ. ಬೇಸಾಯ ವರ್ಷವಿಡೀ ನಡೆಯುತ್ತದೆ. ಕಬ್ಬು, ಜೋಳ, ಅರಿಶಿನ ಬೆಳೆಯುವ ಈ ಸೀಮೆಗೆ ಮೇಲ್ಭಾಗದ ಧೋಮ್ ಅಣೆಕಟ್ಟು ನೀರಾಸರೆ. ಮಹಾಬಳೇಶ್ವರದಲ್ಲಿ ಹುಟ್ಟಿ ಮೇಣವಲಿಯ ಮೆಟ್ಟಿಲುಗಳನ್ನು ತೊಳೆದು ಸಾಗುವ ಇದೇ ಕೃಷ್ಣೆ ಮುಂದೆ ಬೆಳಗಾವಿ ಜಿಲ್ಲೆಯನ್ನು ಹೊಕ್ಕು ಆಲಮಟ್ಟಿಯನ್ನು ತುಂಬುತ್ತಾಳೆ. ಉತ್ತರ ಕರ್ನಾಟಕ ಮೂಲದ ನಮ್ಮ ಅನೇಕ ಕುಟುಂಬಗಳಿಗೆ ಇದು ತವರಿನ ನದಿ.

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಊರಿಗೆ ಹೋಗಿಬರುವವರು ಖಂಬಾಟಕಿ ಘಾಟ್ ದಾಟಿದ ಬಳಿಕ ಸುರೂರ್‌ನಲ್ಲಿ ವಾಯಿಯ ಕಡೆಗೆ ತಿರುಗಬಹುದು. ವಾಯಿಯಲ್ಲಿ ಢೋಲ್ಯಾ ಗಣಪತಿಯ ದರ್ಶನ ಪಡೆದು ಮೇಣವಲಿಗೆ ಸಾಗಬಹುದು. ಈ ವಾಡೆ ಫಡ್ನವೀಸ್ ವಂಶಸ್ಥರದು, ಘಾಟ್ ಗ್ರಾಮಸ್ಥರ ನಿತ್ಯೋಪಯೋಗದ ಸ್ಥಳ ಎಂಬುದನ್ನು ಮರೆಯದೆ, ಅನುಮತಿ ಪಡೆದು ಒಳಹೋಗುವುದೂ, ಗೋಡೆಯ ಚಿತ್ರಗಳನ್ನು ಮುಟ್ಟದಿರುವುದೂ, ನದಿಯನ್ನು ಮಲಿನಗೊಳಿಸದಿರುವುದೂ ನಮ್ಮ ಕರ್ತವ್ಯ. ಮಕ್ಕಳು ‘ಇದು ಚರಣಪುರ’ವೆಂದು ಗುರುತಿಸಿ ಸಂತಸಪಟ್ಟಾಗ, ಇದರ ಹೆಸರು ಮೇಣವಲಿ ಎಂಬುದನ್ನೂ ಅವರಿಗೆ ತಿಳಿಸಿಕೊಡೋಣ.