ತ್ಸುಮಾಗೊದ ಮೂರು ಮಾತು

ಚರಿತ್ರೆಯನ್ನು ಓದಿ ತಿಳಿಯುವುದು ಒಂದು ಬಗೆ, ನಡೆದು ತಿಳಿಯುವುದು ಇನ್ನೊಂದು ಬಗೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಮೊದಲನೆಯದನ್ನೇ ನೆಚ್ಚಿಕೊಂಡಿದ್ದ ನನಗೆ ಎರಡನೆಯದರ ರುಚಿ ಹತ್ತಿದ್ದು ನಿವೃತ್ತಿಯ ತರುವಾಯ, ಜಪಾನಿನ ಕಿಸೊ ಕಣಿವೆಯಲ್ಲಿ. ಮಗಳ ಸಂಸಾರವನ್ನು ನೋಡಲು ಆ ದೇಶಕ್ಕೆ ಹೋಗಿದ್ದಾಗ ಮಾಗೋಮೆ ಎಂಬ ಊರಿನಿಂದ ತ್ಸುಮಾಗೊ ಎಂಬ ಊರಿಗೆ, ಸುಮಾರು 8 ಕಿಲೋಮೀಟರು, ಒಂದು ದಿನ ನಡೆದುಹೋದೆ.

ಆ ಕಾಲುದಾರಿ ಹಿಂದಿನ ನಾಕಾಸೆಂಡೊ ಹೆದ್ದಾರಿಯ ಒಂದು ತುಣುಕು. ತೊಕುಗಾವಾ ಅಧಿಪತಿಗಳು 17ನೆಯ ಶತಮಾನದ ಆರಂಭದಲ್ಲಿ ತಮ್ಮ ಆಡಳಿತದ ಪಟ್ಟಣವಾದ ಎಡೊ, ಎಂದರೆ ಇಂದಿನ ಟೋಕಿಯೊ, ಮತ್ತು ಚಕ್ರವರ್ತಿಯಿದ್ದ ಕ್ಯೋಟೊ ನಗರಗಳನ್ನು ಜೋಡಿಸಲು ಏರ್ಪಡಿಸಿದ ದಾರಿಗಳಲ್ಲಿ ಇದೂ ಒಂದು. ಕಡಲಂಚಿನ ದಾರಿ ಬೇರೆಯಿತ್ತು. ಇದು ಬೆಟ್ಟಗಳ ನಡುವಿನದು. ಇದರ 69 ತಂಗುದಾಣಗಳಲ್ಲಿ ಎಡೊದಿಂದ ಎಣಿಸಿದರೆ ತ್ಸುಮಾಗೊ 42ನೆಯದು.

ಮಾಗೋಮೆ ಕಾದಂಬರಿಕಾರ ಶಿಮಜಾಕಿ ತೋಸನ್ 1872ರಲ್ಲಿ ಹುಟ್ಟಿದ ಊರು. 1895ರಲ್ಲಿ ಮತ್ತು 1915ರಲ್ಲಿ ಬೆಂಕಿಗೆ ತುತ್ತಾದುದರಿಂದ ಅಲ್ಲಿ ಹಳೆಯ ಮನೆಗಳು ಉಳಿದಿರುವುದು ಕಡಿಮೆ. ಅಲ್ಲಿಂದ ಕಣಿವೆಯ ನೆತ್ತಿಗೆ ಏರಿ ಕಾಡಿನೊಳಗೆ ಇಳಿಯಬೇಕು. ಕರಡಿಗಳನ್ನು ದೂರವಿಡಲೆಂದು ದಾರಿಯಲ್ಲಿ ಅಲ್ಲಲ್ಲಿ ಗಂಟೆಗಳನ್ನು ತೂಗುಹಾಕಿದ್ದಾರೆ. ಎದುರಿಗೆ ಬಂದವರೆಲ್ಲ ಬಾರಿಸಿದಂತೆ ನಾನೂ ಬಾರಿಸಿದೆ.

ತ್ಸುಮಾಗೊ ಒಂದೇ ಬೀದಿಯ ಊರು. ಎರಡು ಸಾಲು ಮರದ ಮನೆಗಳು. ಕೆಳಗಿನದಕ್ಕಿಂತ ತುಸು ಮುಂಚಾಚಿದ ಮೇಲುಪ್ಪರಿಗೆ, ಬೀದಿಗೆ ಮುಖವಾದ ಮರದ ಜಾಲಂದರ, ಕೆಲವೆಡೆ ಹಲಗೆಯ ಮಾಡಿನ ಮೇಲೆ ಹೇರಿದ ಕಲ್ಲುಗಳು. ವಿದ್ಯುತ್ತಂತಿಗಳು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿನ ಎರಡನೆಯ ಛತ್ರದ ಕಟ್ಟಡ 1877ರದು, ಹಿನೋಕಿ ಮರದ್ದು. ಅಧಿಪತಿಗಳ ಕಾಲದಲ್ಲಿ ಹಿನೋಕಿಯನ್ನು ಕಡಿಯುವುದು ನಿಷಿದ್ಧವಾಗಿತ್ತು. ಒಂದು ಮರಕ್ಕೆ ಒಂದು ತಲೆ ಎಂಬ ಮಾತೇ ಆ ಕಣಿವೆಯಲ್ಲಿದೆ. ನಿಷೇಧ ತೆಗೆದ ಮೇಲೆ ಕಟ್ಟಿದ ಮನೆಯದು. ಪ್ರಧಾನ ಛತ್ರ ಕೆಡವಿಹೋಗಿತ್ತು. ಇಂದು ಕಾಣುವುದು 1995ರಲ್ಲಿ ಮತ್ತೆ ಕಟ್ಟಿದುದು.

ಈ ಊರು ಉಳಿದದ್ದು ಯಾರ ದೂರದೃಷ್ಟಿಯಿಂದಲೂ ಅಲ್ಲ, ಮೊದಲಿಗೆ ಬಡತನದಿಂದ. 1911ರಲ್ಲಿ ಕಣಿವೆಯ ರೈಲುದಾರಿ ಪೂರ್ಣಗೊಂಡಾಗ ಅದು ತ್ಸುಮಾಗೊವನ್ನು ಬದಿಗಿಟ್ಟು ಹೋಯಿತು. ದಾರಿಹೋಕರನ್ನೇ ನಂಬಿದ ಊರಿಗೆ ದಾರಿಹೋಕರೇ ಇಲ್ಲವಾದರು. ಹೊಸ ಮನೆ ಕಟ್ಟಲು ಹಣವಿಲ್ಲದ್ದರಿಂದ ಹಳೆಯವು ನಿಂತವು. ತರುಣರು ಪಟ್ಟಣಗಳಿಗೆ ಹೊರಟುಹೋದರು. 1968ರಲ್ಲಿ ದುರಸ್ತಿಯ ಕೆಲಸ ಮೊದಲಾಯಿತು. 1971ರಲ್ಲಿ ಊರವರು ತಮಗೆ ತಾವೇ ಒಂದು ಕಟ್ಟಳೆ ಮಾಡಿಕೊಂಡರು: ಮನೆಯನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸರ್ಕಾರದ ಕಾನೂನು ಇವರ ಹಿಂದೆ ಬಂದಿತು. 1975ರ ತಿದ್ದುಪಡಿಯಂತೆ ಇಡೀ ಕೇರಿಗಳನ್ನೇ ಸಂರಕ್ಷಿಸುವ ವ್ಯವಸ್ಥೆಯಾಗಿ, 1976ರಲ್ಲಿ ಆಯ್ದ ಮೊದಲ 7 ಪ್ರದೇಶಗಳಲ್ಲಿ ತ್ಸುಮಾಗೊ ಸೇರಿತು.

ಈ ಮೂರು ಮಾತುಗಳನ್ನು ಮಗಳು ನನಗೆ ಬಿಡಿಸಿ ಹೇಳಿದಾಗ ನಾನು ಬೀದಿಯ ಪಕ್ಕದ ಮರದ ಬೆಂಚಿನ ಮೇಲೆ ಕುಳಿತಿದ್ದೆ. ನಮ್ಮ ಹಿರಿಯರ ತೊಟ್ಟಿಮನೆಯ ಕ್ರಯಪತ್ರಕ್ಕೆ ಅಣ್ಣತಮ್ಮಂದಿರೊಡನೆ ನಾನೂ ರುಜು ಹಾಕಿದವನು. ಕೊಂಡವರು ಅದನ್ನು ಕೆಡವಿದರು. ಅವರನ್ನು ದೂರಲಾರೆ, ಅಲ್ಲಿ ಬಾಳುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಮನೆ ಹೋದದ್ದು ನಾವು ಮಾರಿದ ದಿನವಲ್ಲ, ಅದಕ್ಕೂ ಬಹಳ ಹಿಂದೆ, ಒಬ್ಬೊಬ್ಬರಾಗಿ ಹೊರಟ ದಿನಗಳಲ್ಲಿ ಎಂಬುದು ನನಗೆ ಆ ಬೆಂಚಿನ ಮೇಲೆ ಹೊಳೆಯಿತು.

ಸಂಜೆಯಾಗುತ್ತಲೇ ಪ್ರವಾಸಿಗರು ಚದುರಿದರು, ಅಂಗಡಿಗಳು ಮುಚ್ಚಿದವು. ಕೆಲವು ಜಾಲಂದರಗಳ ಹಿಂದೆ ದೀಪ ಹತ್ತಿತು, ಕೆಲವು ಕತ್ತಲಾಗಿಯೇ ಉಳಿದವು. ಆ ಕಟ್ಟಳೆ ಮನೆಯನ್ನು ಕೊಳ್ಳುವವನಿಂದ ಕಾಯಬಲ್ಲುದು, ಕೆಡವುವವನಿಂದ ಕಾಯಬಲ್ಲುದು. ಮಕ್ಕಳು ಊರು ಬಿಡುವುದನ್ನು ತಡೆಯಲಾರದು. ತ್ಸುಮಾಗೊದವರು ಇದನ್ನು ಅರಿಯದವರಲ್ಲ. ಅರಿತೂ ಅರ್ಧ ಶತಮಾನದಿಂದ ಮಾತಿಗೆ ತಪ್ಪದೆ ಮಾಡು ಹೊದಿಸುತ್ತ, ಅಂಗಳ ಗುಡಿಸುತ್ತ ಇದ್ದಾರೆ. ನಾನು ಕಂಡ ಹಳೆಯ ಊರಿನಲ್ಲಿ ನಿಜವಾಗಿ ಪ್ರಾಚೀನವಾದುದು ಮರವಲ್ಲ, ಆ ದಿನನಿತ್ಯದ ದುಡಿಮೆ. ಮರುದಿನ ಮುಂಜಾನೆ ಹೊರಟಾಗ ಒಬ್ಬ ಮುದುಕಿ ತನ್ನ ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದಳು. ನಾನು ತಲೆಬಾಗಿದೆ, ಅವಳೂ ಬಾಗಿದಳು.