ಸೀಟು

ಒಂದು ಶಬ್ದದ ಚರಿತ್ರೆ ಬರೆಯಬೇಕಾಗಿದೆ. ರಾಜರ ಚರಿತ್ರೆ ಬರೆಯಲಿಕ್ಕೆ ಬೇಕಾದಷ್ಟು ಜನ ಇದ್ದಾರೆ. ಈ ಶಬ್ದ ನಮ್ಮದಲ್ಲ, ಇಂಗ್ಲಿಷಿನದು. ಆದರೆ ಮಂಠಾಳದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತರೆ ಇದರಷ್ಟು ಸಲ ಕಿವಿಗೆ ಬೀಳುವ ಶಬ್ದ ಇನ್ನೊಂದಿಲ್ಲ. 'ಸೀಟ್ ಅದಾ?' 'ಏ ತಮ್ಮಾ, ಒಂದ್ ಸೀಟ್ ಹಿಡಿಯೋ.' ಕಲ್ಯಾಣದ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಟವೆಲ್ಲು, ಚೀಲ, ಕೆಲವು ಸಲ ಸಣ್ಣ ಹುಡುಗನೇ ಒಳಗೆ ಬೀಳುತ್ತಾನೆ. ಟವೆಲ್ಲು ಬಿದ್ದ ಜಾಗ ಟವೆಲ್ಲಿನವನದು. ಯಾವ ಕಾನೂನಿನಲ್ಲೂ ಇದು ಬರೆದಿಲ್ಲ, ಎಲ್ಲರೂ ಪಾಲಿಸುತ್ತಾರೆ.

ಬಸ್ಸಿನಲ್ಲಿ ಹುಟ್ಟಿ ಬಸ್ಸಿನಲ್ಲೇ ಸಾಯುವ ಶಬ್ದವೂ ಅಲ್ಲ ಇದು. 'ಮಾಸ್ತರ ಮಗಳಿಗಿ ಮೆಡಿಕಲ್ ಸೀಟ್ ಸಿಕ್ತಂತ.' 'ಈ ಸಲ ಪಂಚಾಯತಿ ಸೀಟ್ ಎಸ್ಸಿಗಿ ಬಂದದ.' 'ಆ ಪಾರ್ಟಿಗಿ ಎಷ್ಟ್ ಸೀಟ್ ಬಂದ್ವು?' ಅಕ್ಷರ ಬಾರದ ಮುದುಕಿಯೂ ಈ ಮೂರು ಸೀಟುಗಳ ವ್ಯತ್ಯಾಸ ಹೇಳಬಲ್ಲಳು.

ನಮ್ಮ ಮುತ್ಯಾನಿಗೂ ಈ ಶಬ್ದ ಬರುತ್ತಿತ್ತು. ಆದರೆ ಅವನು ಸೀಟಿನ ಮ್ಯಾಲೆ ಕೂತದ್ದು ನಾನು ನೋಡಲಿಲ್ಲ. ಬಸ್ಸು ಅರ್ಧ ಖಾಲಿ ಇದ್ದರೂ ಬಾಗಿಲ ಹತ್ತಿರ ಗಂಟು ಇಟ್ಟು, ಅದರ ಪಕ್ಕಕ್ಕೆ ಕೆಳಗೇ ಕುಕ್ಕರಿಸುತ್ತಿದ್ದ. 'ಮುತ್ಯಾ, ಸೀಟ್ ಅದ, ಮ್ಯಾಲ ಕುಂದ್ರು' ಅಂದರೆ 'ಇಲ್ಲೇ ಛಲೋ ಅದ ಬಿಡು' ಅನ್ನುತ್ತಿದ್ದ. ಟಿಕೇಟಿನ ರೊಕ್ಕ ಮಾತ್ರ ಪೂರಾ ಕೊಟ್ಟಿರುತ್ತಿದ್ದ. ಮುತ್ಯಾ ಈಗಿಲ್ಲ. ಪೂರಾ ಟಿಕೇಟು ಕೊಂಡವನು ಕೆಳಗೆ ಯಾಕೆ ಕೂತ ಅನ್ನುವ ಪ್ರಶ್ನೆ ಉಳಿದಿದೆ. ಅದಕ್ಕೇ ಈ ಬರಹ.

ಕೂಡುವ ಜಾಗಕ್ಕೆ ಕನ್ನಡದಲ್ಲಿ ಶಬ್ದಗಳಿಗೇನು ಬರ ಇರಲಿಲ್ಲ. ಗದ್ದುಗೆ, ಪೀಠ, ಸಿಂಹಾಸನ, ಮಣೆ, ಗಾದಿ, ಕಟ್ಟೆ ಎಲ್ಲ ಇದ್ದವು. ಅರಬ್ಬಿಯ ಕುರ್ಸಿ ಉರ್ದುವಿನ ಕೂಡ ಬಂದು ಕುರ್ಚಿಯಾಯಿತು. ಆದರೆ ಇವುಗಳಲ್ಲಿ ಒಂದೊಂದು ಶಬ್ದವೂ ಅಲ್ಲಿ ಯಾರು ಕೂಡಬೇಕು ಅನ್ನೋದನ್ನು ಮೊದಲೇ ಹೇಳಿಬಿಡುತ್ತದೆ. ಗದ್ದುಗೆ ಸ್ವಾಮಿಗಳದು, ಗಾದಿ ಸಾವುಕಾರನದು, ಮಣೆ ಮದುಮಗನದು, ಚಾವಡಿ ಕಟ್ಟೆ ಗೌಡನದು. ನಮಗೆ ಇದ್ದದ್ದು ನೆಲ. ನೆಲದಲ್ಲೂ ಬೇಕಾದ ಕಡೆ ಅಲ್ಲ. 'ಅತ್ಲಾಗ ಕುಂದ್ರು' ಅನ್ನುವ ಎರಡು ಮಾತಿನಲ್ಲಿ ನಮ್ಮ ಹಿರಿಯರ ಜಾಗ ಗೊತ್ತಾಗುತ್ತಿತ್ತು.

ಇಂಗ್ಲಿಷಿನ ಸೀಟು ಬಂದದ್ದು ಉತ್ತರ ಯುರೋಪಿನ ನಾರ್ಸ್ ಭಾಷೆಯಿಂದ. ಕೂಡು ಎಂಬರ್ಥದ ಇಂಗ್ಲಿಷಿನ 'ಸಿಟ್' ಅದರ ಬಳಗದ್ದೇ. ಸಂಸ್ಕೃತದ 'ಸದ್' ಎಂಬ ಧಾತುವೂ ಅದೇ ಬೇರಿನದು ಅನ್ನುತ್ತಾರೆ ಭಾಷಾಶಾಸ್ತ್ರದವರು. ಆ ಧಾತುವಿನಿಂದ ಸದಸ್ಸು ಬಂತು, ಸದಸ್ಯ ಬಂದ. ಉಪನಿಷತ್ತಿಗೆ ಗುರುವಿನ ಹತ್ತಿರ ಕೂಡುವುದು ಎಂದು ಅರ್ಥ ಹೇಳುತ್ತ ಬಂದಿದ್ದಾರೆ. ಇನ್ನೊಂದು ಶಬ್ದ ಇದೆ, ನಿಷಾದ. ಅದರ ಕಥೆ ಮಹಾಭಾರತದ ಶಾಂತಿಪರ್ವದಲ್ಲಿ ಬರುತ್ತದೆ. ವೇನನೆಂಬ ರಾಜನನ್ನು ಋಷಿಗಳು ಕೊಂದು ಅವನ ತೊಡೆ ಕಡೆದರು. ಕಪ್ಪಗಿನ ಗಿಡ್ಡ ಮನುಷ್ಯ ಹುಟ್ಟಿಬಂದ. 'ನಿಷೀದ' ಅಂದರು ಋಷಿಗಳು, ಅಂದರೆ 'ಕೂಡು'. ಅವನು ನಿಷಾದನಾದ, ಅವನ ಕುಲ ಕಾಡು ಗುಡ್ಡಗಳಿಗೆ ಹೋಯಿತು. ಆಮೇಲೆ ವೇನನ ಬಲಗೈ ಕಡೆದಾಗ ಹುಟ್ಟಿದ ಪೃಥುವಿಗೆ ರಾಜ್ಯ ಸಿಕ್ಕಿತು. ಒಂದೇ ಧಾತು ಒಬ್ಬನಿಗೆ ಹತ್ತಿರ ಕೂಡು ಅಂತು, ಇನ್ನೊಬ್ಬನಿಗೆ ಬಿದ್ದಲ್ಲೇ ಕೂಡು ಅಂತು.

ಇದು ಬರಿ ಕಥೆಯಾಗಿ ಉಳಿಯಲಿಲ್ಲ, ಕಾನೂನಾಯಿತು. ಮೇಲಿನವನ ಕೂಡ ಒಂದೇ ಆಸನದಲ್ಲಿ ಕೂಡಲು ಹೋದ ಕೀಳುಜಾತಿಯವನ ಸೊಂಟಕ್ಕೆ ಬರೆ ಹಾಕಿ ಗಡಿ ದಾಟಿಸಬೇಕು, ಇಲ್ಲವೆ ಕುಂಡೆ ಕೊಯ್ಯಬೇಕು ಎಂದು ಮನುಸ್ಮೃತಿಯ 8ನೆಯ ಅಧ್ಯಾಯ ವಿಧಿಸುತ್ತದೆ. ಕೂತ ತಪ್ಪಿಗೆ ಕೂಡುವ ಅಂಗಕ್ಕೇ ಶಿಕ್ಷೆ. ಇಂಥ ಧರ್ಮಶಾಸ್ತ್ರಗಳ ಸಾಲಿನ ದೊಡ್ಡ ವ್ಯಾಖ್ಯಾನ ಮಿತಾಕ್ಷರ. ಅದನ್ನು ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಬರೆದದ್ದು ಬೇರೆಲ್ಲೂ ಅಲ್ಲ, ನಮ್ಮ ಕಲ್ಯಾಣದಲ್ಲಿ.

ಅದೇ ಕಲ್ಯಾಣದಲ್ಲಿ ಇನ್ನೊಂದು ನಡೆಯಿತು. ಬಸವಣ್ಣನ ಕಾಲದಲ್ಲಿ ಮಡಿವಾಳ, ಅಂಬಿಗ, ಡೋಹರ, ಸಮಗಾರರು ಒಂದೇ ಸಾಲಿನಲ್ಲಿ ಕೂತು ಮಾತಾಡಿದರು. ಅನುಭವ ಮಂಟಪದ ನಡುವೆ ಶೂನ್ಯ ಸಿಂಹಾಸನ ಇತ್ತು, ಅದರ ಮೇಲೆ ಅಲ್ಲಮ ಕೂತ ಎಂದು 15ನೆಯ ಶತಮಾನದ ಶೂನ್ಯಸಂಪಾದನೆಗಳು ಹೇಳುತ್ತವೆ. ವಂಶದಿಂದ ಬಾರದ, ಮಗನಿಗೆ ಹೋಗದ ಆಸನ ಅದು. ಕೂಡ ಕೂತದ್ದನ್ನು ಊರು ಸಹಿಸಿತೋ ಏನೋ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಅಂದಾಗ ಸಹಿಸಲಿಲ್ಲ. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎನ್ನುತ್ತದೆ ಪರಂಪರೆ. ಶರಣರು ಚದುರಿದರು. ಮುಂದೆ ಅದೇ ಶರಣರ ಹೆಸರಿನಲ್ಲಿ ಎಷ್ಟು ಗದ್ದುಗೆಗಳಾದವು! ಆ ಗದ್ದುಗೆಗಳ ಹತ್ತಿರ ಹೋದಾಗಲೂ ನಮ್ಮವರು ಕೂತದ್ದು ಅಂಗಳದಲ್ಲಿ.

ಇನ್ನು 1932ಕ್ಕೆ ಬರೋಣ. ಆ ಒಂದೇ ವರ್ಷದಲ್ಲಿ ಸೀಟು ಎರಡು ದಾರಿಯಿಂದ ಬಂತು.

ಒಂದು, ರಸ್ತೆಯ ದಾರಿ. ನಮ್ಮ ಬೀದರ ಜಿಲ್ಲೆ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ವರ್ಷ ನಿಜಾಮ ಸರಕಾರ 27 ಬಸ್ಸುಗಳಿಂದ ತನ್ನ ರಸ್ತೆ ಸಾರಿಗೆ ಶುರುಮಾಡಿತು. ನಮ್ಮ ಹಳ್ಳಿಗಳಿಗೆ ಬಸ್ಸು ಬರಲು ಇನ್ನೂ ಬಹಳ ವರ್ಷ ಬೇಕಾಯಿತು ಅನ್ನೋದು ಬೇರೆ ಮಾತು. ಆದರೆ ಅದರ ಕೂಡ ಹೊಸದೊಂದು ಲೆಕ್ಕ ಬಂತು. ಕೂಡುವ ಜಾಗಕ್ಕೆ ದರ ಇದೆ, ಕುಲ ಇಲ್ಲ. ರೊಕ್ಕ ಕೊಟ್ಟವನು ಕೂಡಬಹುದು. ಗದ್ದುಗೆ, ಗಾದಿಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನೊಂದು, ರಾಜಕೀಯದ ದಾರಿ. ಆ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡ್ ಕೊಟ್ಟ ತೀರ್ಪಿನಲ್ಲಿ ಅಸ್ಪೃಶ್ಯರಿಗೆ ಪ್ರಾಂತಗಳ ಶಾಸನಸಭೆಗಳಲ್ಲಿ 71 ಸೀಟು. ಅವುಗಳಿಗೆ ಅಸ್ಪೃಶ್ಯರೇ ಓಟು ಹಾಕಬೇಕು, ಮೇಲಾಗಿ ಸಾಮಾನ್ಯ ಕ್ಷೇತ್ರದಲ್ಲೂ ಅವರಿಗೆ ಓಟು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. 71 ಹೋಗಿ 148 ಆಯಿತು, ಆದರೆ ಆರಿಸುವ ಓಟು ಎಲ್ಲರದಾಯಿತು. ಸೀಟು ಎರಡರಷ್ಟಾಯಿತು, ಕೂಡಿಸುವ ಕೈ ಬೇರೆಯವರದಾಯಿತು. ಅಂಬೇಡ್ಕರ್ ಈ ನೋವನ್ನು 1945ರ ತಮ್ಮ ಪುಸ್ತಕದಲ್ಲೂ ತೋಡಿಕೊಂಡರು.

ಆ 148ರಲ್ಲಿ ಬೀದರಿನವರಿಗೆ ಎಷ್ಟು? ಒಂದೂ ಇಲ್ಲ. ಲೆಕ್ಕ ನಡೆದದ್ದು ಬ್ರಿಟಿಷ್ ಪ್ರಾಂತಗಳದ್ದು. ಮುಂಬಯಿ ಪ್ರಾಂತಕ್ಕೆ 15 ಬಂದವು, ವಿಜಾಪುರ ಧಾರವಾಡಗಳು ಅದರಲ್ಲಿದ್ದವು. ಸಂಸ್ಥಾನದ ಹೊಲಗೇರಿ, ಮಾದಿಗೇರಿಗಳು ಲೆಕ್ಕದ ಹೊರಗೇ ಉಳಿದವು. ಮುಂದೆ ನಮ್ಮ ಕಡೆಯಿಂದ ಎದ್ದು ನಿಂತವರು ಬಿ. ಶ್ಯಾಮಸುಂದರ್ (1908–1975). ಹೈದರಾಬಾದ್ ಶಾಸನಸಭೆಯ ಉಪಸಭಾಪತಿಯ ಕುರ್ಚಿಯಲ್ಲಿ ಕೂತವರು. ಸೀಟಿನಿಂದಲೇ ಎಲ್ಲ ಆಗುವುದಿಲ್ಲ ಅನ್ನಿಸಿರಬೇಕು, 1968ರಲ್ಲಿ ಕಲಬುರ್ಗಿಯಲ್ಲಿ ಭೀಮಸೇನೆ ಕಟ್ಟಿದರು.

ಅಂಬೇಡ್ಕರರ ಬದುಕನ್ನೇ ಸೀಟಿನ ಚರಿತ್ರೆಯಾಗಿ ಓದಬಹುದು. ಸಾತಾರಾದ ಶಾಲೆಯಲ್ಲಿ ಅವರು ಕೂತದ್ದು ಮನೆಯಿಂದ ಒಯ್ದ ಗೋಣಿ ತಟ್ಟಿನ ಮೇಲೆ, ಮೂಲೆಯಲ್ಲಿ. ಸಂಜೆ ಆ ತಟ್ಟನ್ನು ಮನೆಗೆ ಹೊತ್ತು ತರಬೇಕು, ಯಾಕಂದರೆ ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. 1946ರಲ್ಲಿ ಸಂವಿಧಾನ ಸಭೆಗೆ ಅವರು ಆರಿಸಿಬಂದದ್ದು ತಮ್ಮ ಮುಂಬಯಿಯಿಂದಲ್ಲ, ಬಂಗಾಳದಿಂದ. ದೇಶ ಒಡೆದಾಗ ಆ ಸೀಟೂ ಹೋಯಿತು. ಮತ್ತೆ ಮುಂಬಯಿಯಿಂದ ಆರಿಸಬೇಕಾಯಿತು. 1947ರ ಆಗಸ್ಟಿನಲ್ಲಿ ಕರಡು ಸಮಿತಿಯಾದಾಗ ಅದರ ಅಧ್ಯಕ್ಷ ಸ್ಥಾನದಲ್ಲಿ ಕೂತರು. ಗೋಣಿ ತಟ್ಟಿನಿಂದ ಅಲ್ಲಿಯವರೆಗಿನ ದಾರಿ ಎಷ್ಟು ಉದ್ದ ಅನ್ನೋದನ್ನು ಮೈಲಿಯಲ್ಲಿ ಅಳೆಯಲಾಗದು.

ಸಂವಿಧಾನದ 330 ಮತ್ತು 332ನೆಯ ವಿಧಿಗಳು ನಮಗೆ ಲೋಕಸಭೆ, ವಿಧಾನಸಭೆಗಳಲ್ಲಿ ಸೀಟು ಕೊಟ್ಟವು. ಮೊದಲೆರಡು ಚುನಾವಣೆಗಳಲ್ಲಿ ಬಹಳ ಕಡೆ ಒಂದೇ ಕ್ಷೇತ್ರಕ್ಕೆ ಇಬ್ಬರು ಸದಸ್ಯರು, ಒಂದು ಸೀಟು ಸಾಮಾನ್ಯ, ಒಂದು ಮೀಸಲು. 1961ರ ಕಾಯಿದೆ ಅದನ್ನು ತೆಗೆಯಿತು. 1962ರಲ್ಲಿ ಬೀದರ ಲೋಕಸಭೆ ಮೀಸಲು ಕ್ಷೇತ್ರವಾಗಿ ಹುಮನಾಬಾದಿನ ರಾಮಚಂದ್ರ ವೀರಪ್ಪ ಆರಿಸಿಬಂದರು. 2008ರ ಕ್ಷೇತ್ರ ವಿಂಗಡಣೆಯಲ್ಲಿ ಬೀದರ ಸಾಮಾನ್ಯವಾಯಿತು, ಮೀಸಲು ಕಲಬುರ್ಗಿಗೆ ಹೋಯಿತು. ಸೀಟು ಬಂತು, ಸೀಟು ಹೋಯಿತು, ಕೇರಿ ಇದ್ದಲ್ಲೇ ಇದೆ.

ಇನ್ನು ಕಾಲೇಜಿನ ಸೀಟು. ಮೈಸೂರು ಸರಕಾರ 1962ರ ಜುಲೈಯಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇಕಡಾ 68 ಮೀಸಲಿಟ್ಟಿತು. ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಎರಡೇ ತಿಂಗಳಲ್ಲಿ, ಬಾಲಾಜಿ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕೆಂದಿತು. ಇಡೀ ದೇಶ ಇವತ್ತಿಗೂ ಹೇಳುವ ಶೇಕಡಾ 50ರ ಗೆರೆ ಶುರುವಾದದ್ದು ನಮ್ಮ ರಾಜ್ಯದ ಸೀಟಿನ ಜಗಳದಿಂದ.

ಆ ಹೊತ್ತಿಗೆ ಇನ್ನೊಂದು ಮೀಸಲಾತಿ ಬೆಳೆಯುತ್ತಿತ್ತು, ರೊಕ್ಕದ್ದು. ಕ್ಯಾಪಿಟೇಶನ್ ವಿರುದ್ಧ 1984ರಲ್ಲಿ ರಾಜ್ಯ ಕಾಯಿದೆ ಮಾಡಿತು. ಆದರೂ 1989ರ ಸರಕಾರಿ ಆದೇಶದಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ವರ್ಷದ ಫೀಜು ನೋಡಿರಿ: ಸರಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000. ಒಂದೇ ಬೆಂಚು, ಮೂರು ದರ. ಇದನ್ನು ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಪ್ರಶ್ನಿಸಿದಳು, 1992ರಲ್ಲಿ ತೀರ್ಪು ಅವಳ ಕಡೆ ಬಂತು. ಮರುವರ್ಷ ಉಣ್ಣಿಕೃಷ್ಣನ್ ತೀರ್ಪು ಬಂದು ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಎರಡು ಶಬ್ದಗಳನ್ನು ಮನೆಮನೆಗೆ ಮುಟ್ಟಿಸಿತು. 371(ಜೆ) ವಿಧಿ ಬಂದು, 2013ರ ಆದೇಶಗಳಿಂದ ನಮ್ಮ ಆರು ಜಿಲ್ಲೆಗಳ ಹುಡುಗರಿಗೆ ಇಲ್ಲಿಯ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟು ಸಿಕ್ಕವು. ಈ ಸೀಟನ್ನು ಊರ ಗೌಡನ ಮಗನೂ ತಗೊಳ್ಳುತ್ತಾನೆ. ಅದು ಭಿಕ್ಷೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ, ಹೇಳಲೂಬಾರದು.

ಆದರೆ ನಾನು ಕಾಲೇಜು ಸೇರಿದ ಮೊದಲ ವಾರ ಒಬ್ಬ ಕೇಳಿದ: 'ನಿಂದು ಯಾವ ಸೀಟು?' ನಾನು 'ಮೂರನೇ ಬೆಂಚು, ಕಿಟಕಿ ಕಡೆ' ಅಂದೆ. ಸುತ್ತ ಇದ್ದವರು ನಕ್ಕರು. ಯಾಕೆ ನಕ್ಕರೆಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಮರುದಿನ ಅಲ್ಲ, ಅದರ ಮರುದಿನ ನಾನು ಕೊನೆಯ ಬೆಂಚಿಗೆ ಹೋಗಿ ಕೂತೆ. ಯಾರೂ ಕಳಿಸಿರಲಿಲ್ಲ. ಆಗ ಮುತ್ಯಾ ನೆನಪಾದ.

1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಹೆಂಗಸು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟು ಏಳಲಿಲ್ಲ. ಅವಳನ್ನು ಬಂಧಿಸಿದರು. ಕಪ್ಪು ಜನ 381 ದಿನ ಆ ಬಸ್ಸು ಹತ್ತಲಿಲ್ಲ. ಅಲ್ಲಿ ಕಾನೂನು ಬರೆದಿತ್ತು, ಡ್ರೈವರಿಗೆ ಗೊತ್ತಿತ್ತು, ಎದುರು ನಿಲ್ಲಲು ಒಂದು ಬೋರ್ಡು ಇತ್ತು. ನಮ್ಮ ಬಸ್ಸಿನಲ್ಲಿ ಬೋರ್ಡು ಇರಲಿಲ್ಲ. ಬೋರ್ಡು ಮುತ್ಯಾನ ಒಳಗಿತ್ತು. ಸಾವಿರ ವರ್ಷ ಕುಂಡೆ ಕೊಯ್ಯುವ ಭಯ ತೋರಿಸಿದರೆ ಆಮೇಲೆ ಕತ್ತಿ ಬೇಕಾಗುವುದಿಲ್ಲ. ಪೂರಾ ಟಿಕೇಟು ಕೊಂಡವನೂ ಕೆಳಗೇ ಕೂಡುತ್ತಾನೆ. ನನ್ನ ಪ್ರಶ್ನೆಗೆ ಉತ್ತರ ಇದು. ಅದೇ ಬೋರ್ಡು ಡಿಗ್ರಿ ಓದಲು ಹೋದ ನನ್ನ ಒಳಗೂ ಇತ್ತು.

ಸೀಟು ಸಿಗುವುದು ಬೇರೆ, ಕೂಡುವುದು ಬೇರೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿ ಪಂಚಾಯತಿಗಳಲ್ಲಿ ನಮಗೆ ಅಧ್ಯಕ್ಷರ ಕುರ್ಚಿ ಕೊಟ್ಟಿತು. 2020ರಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕುತಿಟ್ಟೈ ಪಂಚಾಯತಿಯ ದಲಿತ ಅಧ್ಯಕ್ಷೆ ನೆಲದ ಮೇಲೆ ಕೂತ, ಉಳಿದವರು ಕುರ್ಚಿಗಳಲ್ಲಿ ಕೂತ ಫೋಟೋ ದೇಶವೆಲ್ಲ ನೋಡಿತು. ಸದಸ್ಯ ಅಂದರೆ ಸಭೆಯಲ್ಲಿ ಕೂಡುವವನು ಎಂದು ಮೇಲೆ ಹೇಳಿದೆ. ಎಲ್ಲಿ ಕೂಡುವವನು ಅನ್ನೋದು ಆ ಫೋಟೋದಲ್ಲಿದೆ.

2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೇಟು ಬಂತು. ನಮ್ಮ ಅವ್ವ ಕಲ್ಯಾಣದ ಸಂತೆಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಕೂತಿದ್ದಳು, ನಾನು ಹಿಂದೆ ನಿಂತಿದ್ದೆ. ಬಿಳಿ ಅಂಗಿಯವನೊಬ್ಬ ಬಸ್ಸೆಲ್ಲ ಕೇಳುವ ಹಾಗೆ ಅಂದ: 'ಪುಕ್ಕಟೆ ಬಂದೋರು ಸೀಟ್ ಹಿಡದಾರ, ರೊಕ್ಕ ಕೊಟ್ಟೋರು ನಿಂತೀವಿ.' ಈ ಮಾತಿನ ಧಾಟಿ ನನಗೆ ಕಾಲೇಜಿನಿಂದ ಪರಿಚಯ. ಅವ್ವ ತಿರುಗಿ ಅವನನ್ನು ನೋಡಿದಳು. 'ನಮ್ಮಪ್ಪ ರೊಕ್ಕ ಕೊಟ್ಟು ಕೆಳಗ ಕುಂತಾನ. ಅವನ ಬಾಕಿ ಅದ' ಅಂದಳು. ಏಳಲಿಲ್ಲ.

ಗೆಳೆಯರೇ, ಸೀಟು ಎಣಿಸುವುದನ್ನು ನಾವು ಬಿಡಬಾರದು. ಎಣಿಸದಿದ್ದರೆ ಇರುವುದೂ ಹೋಗುತ್ತದೆ. ಆದರೆ ಎಣಿಕೆ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ನಿಮ್ಮ ಊರಿನ ಬಸ್ಸು ಹತ್ತಿರಿ, ಪಂಚಾಯತಿ ಸಭೆಗೆ ಹೋಗಿರಿ, ಕ್ಲಾಸ್‌ರೂಮಿನಲ್ಲಿ ತಿರುಗಿ ನೋಡಿರಿ. ಸೀಟು ಇದ್ದೂ ಕೆಳಗೆ ಕೂತವರು ಯಾರಾದರೂ ಕಂಡರೆ ಕೈ ಹಿಡಿದು ಮ್ಯಾಲೆ ಕೂಡಿಸಿರಿ. ಅವರು 'ಇಲ್ಲೇ ಛಲೋ ಅದ' ಅಂದರೆ ನಂಬಬೇಡಿರಿ.