ಬಲ್ಬ್ ಹೋಗಿರಲಿಲ್ಲ, ಕರೆಂಟು ವಾಪಸ್ ಬರುವ ದಾರಿ ಹೋಗಿತ್ತು

ಕಳೆದ ಮಳೆಗಾಲದ ಒಂದು ಸಂಜೆ. ನಮ್ಮ ತಾಲ್ಲೂಕಿನ ಬೈಪಾಸ್ ಪಕ್ಕದ ಗ್ಯಾರೇಜಿನಲ್ಲಿ ಹಳೆಯ ವಿದೇಶಿ ಕಾರೊಂದು ನಿಂತಿತ್ತು. ಒಂದು ಕಾಲಕ್ಕೆ ದೊಡ್ಡ ಗುತ್ತಿಗೆದಾರರ ಮನೆಯ ಕಾರು. ಈಗ ಮದುವೆಗೆ ಬಾಡಿಗೆ ಹೋಗುತ್ತದೆ, ಅದರ ಬಾಡಿಗೆಯಲ್ಲೇ ಒಂದು ಮನೆ ನಡೆಯುತ್ತದೆ.

ಬ್ರೇಕ್ ತುಳಿದರೆ ಹಿಂದಿನ ಬಲಗಡೆಯ ಕೆಂಪು ದೀಪ ಜೋರಾಗುವ ಬದಲು ಮಂಕಾಗುತ್ತಿತ್ತು. ಪಕ್ಕದ ಇಂಡಿಕೇಟರ್ ತಾನಾಗೇ ಮಿಣಮಿಣ ಎನ್ನುತ್ತಿತ್ತು. ಇಬ್ಬರು ಮೆಕ್ಯಾನಿಕ್‌ಗಳು ನೋಡಿ, ನಾಲ್ಕು ಬಲ್ಬ್ ಬದಲಿಸಿ, ‘ವೈರಿಂಗ್ ಪೂರ್ತಿ ಹೋಗಿದೆ’ ಎಂದು ಕೈಬಿಟ್ಟಿದ್ದರು. ಮಾಲೀಕರು ಕಾರನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದರು.

ಗ್ಯಾರೇಜಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಎಲ್ಲರಿಗೂ ಅವರು ಕಾಕಾ. ಅವರು ಒಂದು ಉದ್ದನೆಯ ವೈರ್ ತಂದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಹಿಂದಿನ ದೀಪದ ಹೋಲ್ಡರಿನ ಅರ್ತ್‌ಗೆ ಹಿಡಿದರು. ಎಲ್ಲ ದೀಪಗಳೂ ಸರಿಯಾಗಿ ಹೊತ್ತಿದವು.

“ಬಲ್ಬ್ ಚಲೋ ಅದಾವ ತಮ್ಮಾ. ಹೋದ ಕರೆಂಟಿಗೆ ವಾಪಸ್ ಬರಾಕ ದಾರಿ ಇಲ್ಲ” ಎಂದರು.

ಈ ಒಂದು ಮಾತು ಅರ್ಥವಾಗಬೇಕಾದರೆ ಕಾರಿಗೆ ದೀಪ ಬಂದ ಕಥೆ ತಿಳಿಯಬೇಕು.

ಕಾರ್ಬೈಡಿನಿಂದ ಕರೆಂಟಿಗೆ

ಮೊದಲ ಕಾರುಗಳಿಗೆ ವಿದ್ಯುತ್ ದೀಪ ಇರಲಿಲ್ಲ. ಸೀಮೆಎಣ್ಣೆ ದೀಪ, ಇಲ್ಲವೇ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಬಿಟ್ಟು ಹುಟ್ಟಿಸುವ ಅಸಿಟಿಲೀನ್ ಗ್ಯಾಸಿನ ದೀಪ. ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ಶಿವನಸಮುದ್ರದ ಕರೆಂಟು ಬಂದಿತ್ತು. ಆದರೆ ಆಗಿನ್ನೂ ಶ್ರೀಮಂತರ ಕಾರಿನ ದೀಪವನ್ನು ಬೆಂಕಿಕಡ್ಡಿ ಗೀರಿಯೇ ಹಚ್ಚಬೇಕಿತ್ತು.

1912ರ ಮಾದರಿಯ ಕ್ಯಾಡಿಲಾಕ್ ಇದನ್ನು ಬದಲಿಸಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವ್ಯವಸ್ಥೆಯಲ್ಲಿ ಎಂಜಿನ್ ಸ್ಟಾರ್ಟ್ ಮಾಡುವುದು, ಕಿಡಿ ಕೊಡುವುದು, ದೀಪ ಹೊತ್ತಿಸುವುದು ಮೂರೂ ಕೆಲಸ ವಿದ್ಯುತ್ತಿನಿಂದಲೇ ಆದವು. ಹ್ಯಾಂಡಲ್ ತಿರುಗಿಸುವ ಕಷ್ಟವೂ ತಪ್ಪಿತು. ಜರ್ಮನಿಯ ಬಾಷ್ ಕಂಪನಿ 1913ರಲ್ಲಿ ತನ್ನ ದೀಪ ವ್ಯವಸ್ಥೆ ತಂದಿತು.

ಕಾರು ತಯಾರಕರು ಒಂದು ಉಳಿತಾಯದ ದಾರಿಯನ್ನೂ ಹಿಡಿದರು. ಪ್ರತಿ ದೀಪಕ್ಕೆ ಹೋಗಲು ಒಂದು, ಬರಲು ಒಂದು ವೈರ್ ಉದ್ದಕ್ಕೂ ಎಳೆಯುವ ಬದಲು, ಬರುವ ದಾರಿಯಾಗಿ ಕಾರಿನ ಕಬ್ಬಿಣದ ಬಾಡಿಯನ್ನೇ ಬಳಸಿಕೊಂಡರು. ತಾಮ್ರ ಉಳಿಯಿತು. ಇದನ್ನೇ ಗ್ಯಾರೇಜಿನಲ್ಲಿ ಬಾಡಿ ಅರ್ತ್ ಎನ್ನುವುದು. ಇಂದಿಗೂ ಕಾರು, ಟ್ರ್ಯಾಕ್ಟರ್, ಬೈಕ್ ಎಲ್ಲದರಲ್ಲೂ ಇದೇ ಪದ್ಧತಿ.

ಆದರೆ ಬಾಡಿ ತುಕ್ಕು ಹಿಡಿಯುತ್ತದೆ. ದೀಪದ ವೈರ್ ಬಾಡಿಗೆ ಸೇರುವ ಜಾಗದಲ್ಲಿ ಇರುವುದು ಒಂದು ಬೋಲ್ಟು, ಒಂದು ವಾಷರು. ಅಲ್ಲಿ ತುಕ್ಕು, ಕಿಲುಬು ಕೂತರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಪಕ್ಕದ ಬಲ್ಬಿನ ತಂತಿಯೊಳಗೆ ನುಗ್ಗಿ ವಾಪಸ್ ಹೋಗುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಗುವುದು ಈ ಕಾರಣಕ್ಕೆ.

ಕತ್ತಲೆಯ ರಾಜಕುಮಾರ

ಹಳೆಯ ಜಾಗ್ವಾರ್‌ನಂಥ ಬ್ರಿಟಿಷ್ ಕಾರುಗಳ ದೀಪದ ಸಾಮಾನು ಬರುತ್ತಿದ್ದದ್ದು ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿಯಿಂದ. ಸೈಕಲ್ ದೀಪ ಮಾಡಿ ಬೆಳೆದ ಕಂಪನಿ ಅದು. ನಮ್ಮ ರೈತರಿಗೂ ಆ ಹೆಸರು ಹೊಸದಲ್ಲ. 1960ರ ದಶಕದ ಆರಂಭದಲ್ಲಿ ಮದ್ರಾಸಿನಲ್ಲಿ ಶುರುವಾದ ಲ್ಯೂಕಾಸ್ ಟಿವಿಎಸ್‌ನ ಸ್ಟಾರ್ಟರ್ ಮೋಟಾರ್‌ಗಳನ್ನು ಟ್ರ್ಯಾಕ್ಟರ್‌ಗಳಲ್ಲಿ ನೋಡಿರುತ್ತೀರಿ.

ಹಳೆಯ ಬ್ರಿಟಿಷ್ ಕಾರು ಇಟ್ಟುಕೊಂಡವರು ಈ ಲ್ಯೂಕಾಸ್‌ಗೆ ತಮಾಷೆಯಾಗಿ ‘ಕತ್ತಲೆಯ ರಾಜಕುಮಾರ’ ಎಂದು ಹೆಸರಿಟ್ಟಿದ್ದಾರೆ. ಆದರೆ ಆ ಕಾರುಗಳಲ್ಲೂ ಎಷ್ಟೋ ಸಲ ತೊಂದರೆ ಇರುವುದು ದೀಪದಲ್ಲಲ್ಲ, ವೈರ್ ಸೇರುವ ಜಾಯಿಂಟ್‌ಗಳಲ್ಲಿ, ಅರ್ತ್‌ನಲ್ಲಿ.

ಇನ್ನೊಂದು ಗೊಂದಲ ಬಣ್ಣದ್ದು. ಹಳೆಯ ಬ್ರಿಟಿಷ್ ಕಾರಿನಲ್ಲಿ ಕಂದು ವೈರ್ ಎಂದರೆ ಬ್ಯಾಟರಿಯಿಂದ ಬರುವ ಕರೆಂಟು, ಕಪ್ಪು ಎಂದರೆ ಅರ್ತ್. ಜರ್ಮನ್ ಕಾರಿನಲ್ಲಿ ಕಂದು ವೈರೇ ಅರ್ತ್! ಒಂದರಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಮಾಡಿದರೆ ಹೊಗೆ ಬರುವುದು ಗ್ಯಾರಂಟಿ.

ಚಾಲಕನಿಗೆ ಕಾಣದ ದೀಪ

ಹೆಡ್‌ಲೈಟ್ ಹೋದರೆ ಓಡಿಸುವವರಿಗೆ ಗೊತ್ತಾಗುತ್ತದೆ. ಹಿಂದಿನ ದೀಪ ಹೋದರೆ ಗೊತ್ತಾಗುವುದು ಹಿಂದೆ ಬರುವವರಿಗೆ, ಅದೂ ಕೆಲವೊಮ್ಮೆ ತಡವಾಗಿ. ಅದಕ್ಕೇ ದುಬಾರಿ ಕಾರುಗಳಲ್ಲಿ ಬಲ್ಬ್ ಹೋದರೆ ಮುಂದಿನ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಕೊಡುವ ಏರ್ಪಾಡು ಬಂತು.

1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಕಂಪನಿ ಭಾರತದಲ್ಲಿ ಜೋಡಿಸಲು ಶುರುಮಾಡಿದ ಮೊದಲ ಕಾರು ಡಬ್ಲ್ಯೂ 124 ಮಾದರಿ. ಆ ಮಾದರಿಯ ಕಾರುಗಳಲ್ಲಿ ಈ ಏರ್ಪಾಡು ಬಲ್ಬಿಗೆ ಹೋಗುವ ಕರೆಂಟನ್ನು ಗಮನಿಸುತ್ತದೆ. ಹಾಗಾಗಿ ಒಂದು ಕಡೆ ಬೇರೆ ವ್ಯಾಟಿನ ಬಲ್ಬ್ ಅಥವಾ ಅಗ್ಗದ ಎಲ್‌ಇಡಿ ಹಾಕಿದರೆ, ದೀಪ ಹೊತ್ತಿದ್ದರೂ ಎಚ್ಚರಿಕೆ ಬರಬಹುದು. ಅದು ಯಂತ್ರದ ದೋಷವಲ್ಲ.

ಆ ಕಾಲದ ಮರ್ಸಿಡಿಸ್‌ಗಳ ಫ್ಯೂಸ್ ಎರಡೂ ತುದಿ ಚೂಪಾದ ಸಣ್ಣ ಕಡ್ಡಿಯಂತಿರುತ್ತದೆ. ಪಟ್ಟಿ ಕಡಿದಿರದಿದ್ದರೂ ತುದಿಗೆ ಕಿಲುಬು ಹಿಡಿದು ಕರೆಂಟು ನಿಲ್ಲುತ್ತದೆ. ಬೆರಳಿನಿಂದ ಅದನ್ನು ನಾಲ್ಕು ಸುತ್ತು ತಿರುಗಿಸಿದರೆ ಎಷ್ಟೋ ಸಲ ದೀಪ ಮತ್ತೆ ಬರುತ್ತದೆ.

ಹುಡುಕುವ ಕ್ರಮ

ಕಾಕಾ ಹೇಳಿದ ಕ್ರಮ ಇದು. ಮೊದಲು ಬ್ಯಾಟರಿಯ ಎರಡೂ ಟರ್ಮಿನಲ್ ಬಿಗಿಯಾಗಿವೆಯೇ, ಸ್ವಚ್ಛವಾಗಿವೆಯೇ ನೋಡಿ. ಆಮೇಲೆ ಫ್ಯೂಸ್. ಆಮೇಲೆ ಬಲ್ಬ್ ಮತ್ತು ಹೋಲ್ಡರ್. ನಂತರ ಅರ್ತ್. ಇವೆಲ್ಲ ಸರಿಯಿದ್ದರೆ ಮಾತ್ರ ಸ್ವಿಚ್, ರಿಲೇ, ವೈರಿಂಗ್ ಬಿಚ್ಚಿ.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ದೀಪ ಆನ್ ಇರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಅರ್ತ್‌ಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ ಇಡಿ. ಸೊನ್ನೆಯ ಹತ್ತಿರ ತೋರಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಕಳ್ಳ ಅಲ್ಲೇ ಇದ್ದಾನೆ. ಸಣ್ಣ ಲೆಕ್ಕ ಎಂದು ಬಿಡಬೇಡಿ. ದೀಪಕ್ಕೆ ಸಿಗುವ ವೋಲ್ಟೇಜ್ 10% ಕಡಿಮೆಯಾದರೆ ಬೆಳಕು ಸುಮಾರು 30% ಕಡಿಮೆಯಾಗುತ್ತದೆ.

ಅರ್ತ್ ಬೋಲ್ಟ್ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಬೇಡ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ಕಾರು.

ಆ ಸಂಜೆ ಕಾಕಾ ಡಿಕ್ಕಿಯ ಮ್ಯಾಟ್ ಎತ್ತಿದರು. ಕೆಳಗೆ ಮಳೆನೀರು ನಿಂತಿತ್ತು. ಅಲ್ಲಿದ್ದ ಒಂದು ಬೋಲ್ಟು ಬಿಚ್ಚಿ, ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದು ಗ್ರೀಸ್ ಸವರಿದರು. ಅರ್ಧ ಗಂಟೆಯ ಕೆಲಸ. ಆ ಭಾನುವಾರ ಕಾರು ಮದುವೆಗೆ ಹೋಯಿತು.

ಹೊರಡುವಾಗ ಕಾಕಾ ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರೇಲರ್ ತೋರಿಸಿದರು. ಹಳ್ಳ ಬಂದಾಗಲೆಲ್ಲ ಅದರ ಹಿಂದಿನ ದೀಪ ಹೋಗಿ ಬರುತ್ತಿತ್ತು. “ಅದರದೂ ಇದೇ ಜಡ್ಡು” ಎಂದರು. ಕೆಲವು ಟ್ರೇಲರ್‌ಗಳಿಗೆ ಪ್ರತ್ಯೇಕ ಅರ್ತ್ ವೈರ್ ಇರುವುದಿಲ್ಲ, ಕೊಂಡಿಯ ಪಿನ್ ಮೂಲಕವೇ ಕರೆಂಟು ವಾಪಸ್ ಬರಬೇಕು. ಕೊಂಡಿ ಅಲುಗಿದರೆ ದೀಪ ಹೋಗುತ್ತದೆ. ಟ್ರ್ಯಾಕ್ಟರಿನಿಂದ ಟ್ರೇಲರಿನ ದೀಪದವರೆಗೆ ಒಂದು ಪ್ರತ್ಯೇಕ ಅರ್ತ್ ವೈರ್ ಎಳೆದರೆ ಸಾಕು. ನಿಮ್ಮ ಮನೆಯಲ್ಲಿ ಟ್ರೇಲರ್ ಇದ್ದರೆ, ಇವತ್ತು ಕತ್ತಲಾದ ಮೇಲೆ ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ತುಳಿದು ನೋಡಿ.